ಆಟ ನಿಲ್ಲಿಸುವ ಗುಂಡಿ

ಟಿವಿಯಲ್ಲಿ ಆಟ ಗಕ್ಕನೆ ನಿಂತಿತು. ನಯನಾಳ ಫೈಟರ್ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಇನ್ನೊಂದೇ ಒಂದು ಏಟು ಬಿದ್ದಿದ್ದರೆ ಮಧುಸೂದನನ ಕಥೆ ಮುಗಿಯುತ್ತಿತ್ತು. ಆಟ ನಿಲ್ಲಿಸುವ ಗುಂಡಿ ಒತ್ತಿದ್ದು ಮಧುಸೂದನನೇ.

"ಬೆರಳು ಜಾರ್ತು ಮಾರಾಯ," ಎಂದ, ಚಿದಂಬರನ ಕಡೆ ತಿರುಗಿ.

ಆನವಟ್ಟಿಯ ಗೊಬ್ಬರದಂಗಡಿಯ ಮೇಲಿನ ಹಾಲ್‌ನಲ್ಲಿ ಬೆಳಗ್ಗೆಯಿಂದ ನಡೆಯುತ್ತಿದ್ದ ಈ ಫೈಟಿಂಗ್ ಗೇಮ್ ಟೂರ್ನಮೆಂಟಿಗೆ ಚಿದಂಬರನೇ ಸಂಘಟಕ, ಅವನೇ ಅಂಪೈರು, ಯೂಟ್ಯೂಬ್ ಲೈವ್‌ನಲ್ಲಿ ವೀಕ್ಷಕ ವಿವರಣೆ ಕೊಡುವವನೂ ಅವನೇ. ಸುತ್ತಲಿನ ಊರುಗಳ ಕಬಡ್ಡಿಯಲ್ಲಿ ಮೈಕ್ ಹಿಡಿದು ಪಳಗಿದ ಗಂಟಲು. ಆಟದ ನಡುವೆ ಆ ಗುಂಡಿ ಒತ್ತಿದವರು ಆ ರೌಂಡ್ ಸೋತಂತೆ ಎಂದು ನಿಯಮ ಮಾಡಿದವನೂ ಅವನೇ. ಬೆಳಗ್ಗೆ ಇದೇ ನಯನಾ, ತೊಗರ್ಸಿಯಿಂದ ಬಸ್ಸಿಗೆ ಬಂದಿದ್ದ ಡಿಗ್ರಿ ಓದುವ ಹುಡುಗಿ, ಗಾಬರಿಯಲ್ಲಿ ಗುಂಡಿ ಮುಟ್ಟಿ ಸೋತಿದ್ದಳು. "ನಿಯಮ ಅಂದ್ರೆ ನಿಯಮ! ಅಪ್ಪಗಾದ್ರೂ ಅಷ್ಟೆ, ಅಣ್ಣಗಾದ್ರೂ ಅಷ್ಟೆ!" ಎಂದು ಅವನು ಗುಡುಗಿದ್ದಕ್ಕೆ ಜನ ಚಪ್ಪಾಳೆ ತಟ್ಟಿದ್ದರು. ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶವಿತ್ತು. ಆ ದಾರಿಯಲ್ಲಿ ಒಬ್ಬೊಬ್ಬರನ್ನೇ ಕೆಡವಿ ಅವಳು ಫೈನಲ್ಲಿಗೆ ಬಂದಿದ್ದಳು.

ಈಗ ಅದೇ ನಿಯಮ ಹೇಳಿದರೆ ಈ ಕೊನೆಯ ರೌಂಡೂ ಕಪ್ಪೂ ಅವಳದು.

ಆದರೆ ಪ್ಲೇಸ್ಟೇಷನ್, ಟಿವಿ, ಲೈವ್ ಹೋಗುತ್ತಿದ್ದ ಲ್ಯಾಪ್‌ಟಾಪ್, ಎಲ್ಲ ಮಧುಸೂದನನವು. ಅವನು ಮುಖ ಊದಿಸಿಕೊಂಡು ಎದ್ದುಹೋದರೆ ಮುಂದಿನ ಟೂರ್ನಮೆಂಟೇ ಇಲ್ಲ. ಗಂಟಲೇನೋ ಪಳಗಿತ್ತು, ಎದೆ ಪಳಗಿರಲಿಲ್ಲ.

"ವೀಕ್ಷಕರೇ, ಸಣ್ಣ ತಾಂತ್ರಿಕ ತೊಂದರೆ," ಎಂದುಬಿಟ್ಟ ಚಿದಂಬರ. "ಈ ರೌಂಡ್ ಮೊದಲಿಂದ."

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ನಯನಾ ಅವನ ಮುಖವನ್ನೊಮ್ಮೆ ನೋಡಿ ಕಂಟ್ರೋಲರ್ ಎತ್ತಿಕೊಂಡಳು. ಈ ಸಲ ಸೋತಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಚಿದಂಬರನಿಗೆ ನಾಚಿಕೆಯಾಯಿತು; ಅದಕ್ಕೇ ಇನ್ನಷ್ಟು ಜೋರಾಗಿ ಕೂಗಿದ, ರೋಚಕ ಅಂದ, ಅಮೋಘ ಅಂದ. ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನದಿದ್ದರೂ ತಾನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

"ರನ್ನರ್ ಅಪ್ ನಯನಾ ಈಗ ಎರಡು ಮಾತು ಹೇಳ್ತಾರೆ," ಎಂದು ನಗುತ್ತ ಮೈಕ್ ಕೊಟ್ಟ. ಬೈಯುತ್ತಾಳೇನೋ ಎಂದು ಅಳುಕಿತ್ತು. ಬೈದರೆ ಒಳ್ಳೆಯದಿತ್ತು ಅಂತಲೂ ಅನಿಸಿತು.

"ಎಲ್ಲರಿಗೂ ಥ್ಯಾಂಕ್ಸ್ ರೀ. ನಮ್ಮ ಕಡಿ ಇಂಥದ್ದು ಯಾರೂ ಮಾಡಲ್ಲ. ಮುಂದಿನ ಸಲನೂ ಬರ್ತೀನಿ," ಎಂದಳು. ಆಮೇಲೆ ಅವನ ಕಡೆ ತಿರುಗಿದಳು. "ಅಣ್ಣಾ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಮುಂದಿನ ಸಲ ಆ ಗುಂಡಿ ರೂಲ್ಸು ಇರ್ತತಾ, ಇರಲ್ವಾ? ಇರ್ತತಿ ಅಂದ್ರೆ ಬೆರಳು ದೂರ ಇಟ್ಟು ಆಡೋದು ಈಗಿಂದ್ಲೇ ರೂಢಿ ಮಾಡ್ಕೋತೀನಿ."

ಕುಹಕವಿಲ್ಲ, ಸಿಟ್ಟಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಉತ್ತರಕ್ಕೆಂದು ಮೈಕನ್ನು ಅವನಿಗೇ ಚಾಚಿದಳು. ಮಧುಸೂದನ ಬಗ್ಗಿ ವೈರು ಸುತ್ತತೊಡಗಿದ.

ಚಿದಂಬರ ಮೈಕ್ ಹಿಡಿದು ನಿಂತ. ಮುಂದಿನ ಸಾಲಿನಲ್ಲಿ ಯಾರೋ ಮೊಬೈಲಿನಲ್ಲಿ ಲೈವ್ ಹಾಕಿಕೊಂಡಿದ್ದರು. ಲೈವ್ ಯಾವಾಗಲೂ ಸ್ವಲ್ಪ ಹಿಂದೆಯೇ ಓಡುತ್ತದೆ. ಅದರಲ್ಲಿ ಚಿದಂಬರ ಇನ್ನೂ ನಗುತ್ತಿದ್ದ. ನಗುನಗುತ್ತಲೇ ಅವಳ ಕೈಗೆ ಮೈಕ್ ಕೊಡುತ್ತಿದ್ದ.