ಕಣ್ಣು ತುಂಬಿ ಬಂದ ಮೂವತ್ತೆಂಟು ಉತ್ತರಗಳು

ತಳ ಹಿಡಿದ ಅನ್ನದ ವಾಸನೆ, ಹುಲ್ಲಿನ ಹೊಗೆ ಬೆರೆತದ್ದು — ಇಲ್ಲ, ಈ ಮೌಲ್ಯಮಾಪನ ಕೇಂದ್ರದಲ್ಲಿ ಹುಲ್ಲೆಲ್ಲಿ, ಕೆಳಗೆ ಕ್ಯಾಂಟೀನಿನಲ್ಲಿ ಗ್ಯಾಸಿನ ಒಲೆ, ಹುಲ್ಲು ಉರಿಯುತ್ತಿದ್ದದ್ದು ಅಮ್ಮನ ಅಡುಗೆಮನೆಯಲ್ಲಿ, ನನಗಾಗ ಆರು ವರ್ಷ, ಅಮ್ಮ ಮುಚ್ಚಳ ತೆಗೆಯುವ ಮೊದಲೇ ಒಲೆಯ ಪಕ್ಕ ಕೂತಿರುತ್ತಿದ್ದೆ — ಉತ್ತರಪತ್ರಿಕೆ ನೋಡು ನ್ಯಾ, ಎಂದು ನನಗೆ ನಾನೇ ಹೇಳಿಕೊಂಡೆ, ಊಟದ ಗಂಟೆಗೆ ಅರ್ಧ ತಾಸಿದೆ, ಮೂವತ್ತೊಂಬತ್ತರಲ್ಲಿ ಮೂವತ್ತೆಂಟು ಮುಗಿದಿವೆ, ಮೂವತ್ತೆಂಟರಲ್ಲೂ ಅದೇ ಸಾಲು, ಈ ಪದ್ಯ ಓದುತ್ತಾ ನನಗರಿವಿಲ್ಲದೆ ಕಣ್ಣು ತುಂಬಿ ಬಂತು. ಆ ಸಾಲು ನನ್ನದು. ಇಪ್ಪತ್ತಾರನೇ ವಯಸ್ಸಿನಲ್ಲಿ ಮಾದರಿ ಪ್ರಬಂಧಗಳ ಪುಸ್ತಕಕ್ಕೆ ಬರೆದುಕೊಟ್ಟದ್ದು, ಅಮ್ಮ ಹೋಗಿ ಮೂರು ತಿಂಗಳಾಗಿತ್ತು, ಅವತ್ತು ನಿಜವಾಗಿ ಅತ್ತಿದ್ದೆ, ಆಮೇಲೆ ನಮ್ಮ ಹ್ವೆ ಊರಿನ ಮಕ್ಕಳು ಮೂವತ್ತು ವರ್ಷ ಅದನ್ನೇ ಬಾಯಿಪಾಠ ಮಾಡಿದರು, ನಾನೇ ಬೆಂಚಿನ ಮೇಲೆ ನಿಲ್ಲಿಸಿ ಒಪ್ಪಿಸಿಕೊಂಡೆ, ನಂಗೆ ಅಳು ಬರ್ಲಿಲ್ವಲ್ಲ ಟೀಚರ್ ಎಂದು ಒಬ್ಬಳು ಕೇಳಿದ್ದಳು, ಬರದಿದ್ರೂ ಬರಿಯೇ ಎಂದಿದ್ದೆ, ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮೂವತ್ತೊಂಬತ್ತನೆಯದು ಯಾರದೋ, ಹೆಸರಿನ ಪಟ್ಟಿ ಕತ್ತರಿಸಿರುತ್ತಾರೆ, ಗುಂಡಗಿನ ಅಕ್ಷರ, ಹೊಡೆದುಹಾಕಿದ ಸಾಲುಗಳು, ಪ್ರೌಢಶಾಲೆಯ ಪ್ರವೇಶ ಪರೀಕ್ಷೆಗೆ ಕೂತ ಹದಿನೈದು ವರ್ಷದ ಮಗು. ಪದ್ಯದಲ್ಲಿ ತಾಯಿ ಮಗನಿಗೆ ಬೆಳ್ಳನೆಯ ಅನ್ನ ಬಡಿಸಿ, ತಾನು ತಳದಲ್ಲಿ ಕರಿ ಹಿಡಿದದ್ದನ್ನು ಕೆರೆದುಕೊಂಡು, ನಂಗೆ ಇದೇ ಇಷ್ಟ ಕಣೋ ಎನ್ನುತ್ತಾಳೆ, ಈ ಮಗು ಬರೆಯುತ್ತದೆ, ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಏಳನೇ ಸಾಲಿನಲ್ಲಿ ಅವನು ಅಮ್ಮನ ಕೈ ನಡುಗುವುದನ್ನು ನೋಡುತ್ತಾನೆ, ಎಂಟನೇ ಸಾಲಿನಲ್ಲಿ ಅವನ ಬಟ್ಟಲು ಬರಿದಾಗಿದೆ, ಅಂದರೆ ಅವಳದು ಸುಳ್ಳೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಯಾಕೆ ಉಂಡ? ಏಳು, ಎಂಟು — ಆ ಎರಡು ಸಾಲುಗಳ ನಡುವೆ ನಾನು ಮೂವತ್ತು ವರ್ಷದಲ್ಲಿ ಒಂದು ದಿನವೂ ನಿಲ್ಲಲಿಲ್ಲ, ನೇರ ಕಣ್ಣೀರಿಗೆ ಹೋದೆ.

ನಾನು ಹತ್ತಕ್ಕೆ ಎಂಟು ಹಾಕಿದೆ. ಜೊತೆಯ ಮೌಲ್ಯಮಾಪಕ ಖಾಂಗ್, ನನ್ನ ಹಳೆಯ ವಿದ್ಯಾರ್ಥಿ, ಎರಡೂವರೆ. ಟೀಚರ್, ತ್ಯಾಗ ಅಂತ ಎಲ್ಲಿ ಬರೆದಿದೆ ತೋರ್ಸಿ, ನಾಡಿನ ತಾಯಂದಿರ ಪ್ರತೀಕ ಅಂತ ಎಲ್ಲಿದೆ, ಅಂಕಸೂಚಿಯಲ್ಲಿ ಇಲ್ಲದ್ದಕ್ಕೆ ನಾನೆಲ್ಲಿಂದ ಅಂಕ ತರ್ಲಿ, ನೀವೇ ಅಲ್ವಾ ಹಾಗೆ ಕಲಿಸಿದ್ದು. ಹೌದು, ಅಂಕಸೂಚಿಯ ಮಾತುಗಳೂ ನನ್ನ ಪುಸ್ತಕದವೇ, ಪದ್ಯ ಓದಿದ್ದು ಇದೊಂದೇ ಮಗು ಕಣೋ ಎಂದೆ, ಜೋರಾಗಿಯೇ, ಆಚೆ ಮೇಜಿನವರು ತಿರುಗಿ ನೋಡಿದರು. ಮುಖ್ಯಸ್ಥ ಲೂ ಬಂದ, ನ್ಯಾ ಅಕ್ಕಾ, ಇನ್ನೆರಡು ತಿಂಗಳಿಗೆ ನಿವೃತ್ತಿ, ಈಗ ಕ್ರಾಂತಿಗೆ ಹೊರಟ್ರಾ, ಇದಕ್ಕೆ ಎಂಟಾದ್ರೆ ಆ ಮೂವತ್ತೆಂಟು ಮಕ್ಕಳಿಗೆ ಏನ್ ಹೇಳೋಣ? ಐದು ಕೊಡ್ರಪ್ಪಾ ಎಂದೆ, ಐದು ಬಾರದಿದ್ದರೆ ಸರ್ಕಾರಿ ಪ್ರೌಢಶಾಲೆಯ ಬಾಗಿಲು ಇದಕ್ಕೆ ಮುಚ್ಚಿದಂತೆ, ಆಮೇಲೆ ಬಟ್ಟೆ ಹೊಲಿಯುವ ಕಾರ್ಖಾನೆ, ಐದಾದ್ರೂ ಕೊಡ್ರೋ — ಲೂ ಕೆಟ್ಟವನಲ್ಲ, ಎರಡು ಸಲ ಓದಿದ, ಕನ್ನಡಕ ತೆಗೆದು ಒರೆಸಿಕೊಂಡ, ಚೆನ್ನಾಗೇ ಬರೆದಿದೆ ಅಕ್ಕಾ, ಆದ್ರೆ ನಾಲ್ಕೇ, ಮೇಲಿನವರು ತೆಗೆಸಿ ನೋಡಿದ್ರೆ ನಾನೇನು ಉತ್ತರ ಕೊಡ್ಲಿ. ನಾಲ್ಕು. ಖಾಂಗ್ ಸಹಿ ಹಾಕಿದ. ನನ್ನ ಕೈ ಅಂಚಿನ ಖಾಲಿ ಜಾಗಕ್ಕೆ ಹೋಯಿತು, ಓದಿದೆ ಮಗು ಎಂದಷ್ಟೇ ಬರೆಯೋಣವೆಂದು, ಬರೆಯುವಂತಿಲ್ಲ, ಬರೆದರೂ ಅದರ ಕೈಗೆ ಈ ಹಾಳೆ ಮರಳುವುದಿಲ್ಲ, ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಸಹಿ ಹಾಕಿದೆ, ನನ್ನ ಸಹಿ ಇಷ್ಟು ಚಂದ ಎಂದೂ ಬಂದಿರಲಿಲ್ಲ. ಗಂಟೆ ಹೊಡೆಯಿತು, ಕುರ್ಚಿಗಳು ಜರುಗಿದವು, ಎಲ್ಲರೂ ಇಳಿದುಹೋದರು, ಖಾಂಗ್ ನನ್ನ ಕಡೆ ನೋಡದೆ ಹೋದ, ನಾನು ಏಳಲಿಲ್ಲ, ಏಳನೇ ಸಾಲು, ಎಂಟನೇ ಸಾಲು, ಫ್ಯಾನಿನ ಗಾಳಿಗೆ ಹಾಳೆಯ ಅಂಚು ಏಳುತ್ತದೆ, ಕೂರುತ್ತದೆ, ಬೆರಳಿಟ್ಟು ಒತ್ತಿ ಹಿಡಿದಿದ್ದೇನೆ, ಎಷ್ಟು ಹೊತ್ತೋ — ಯಾರೋ ಆ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು, ಖಾಂಗ್, ಊಟದ ಡಬ್ಬಿ ಮುಂದಿಟ್ಟು, ತಿನ್ನುವ ಕಡ್ಡಿಗಳನ್ನು ಅಂಗಿಯ ತುದಿಗೆ ಒರೆಸಿ ನನ್ನ ಕೈಗೆ ಕೊಟ್ಟ, ನನ್ನ ಹಲ್ಲಿನ ಕಷ್ಟ ಅವನಿಗೆ ಗೊತ್ತು, ಹೊಳೆಮೀನಿನ ಮುಳ್ಳುಗಳನ್ನೆಲ್ಲ ಆರಿಸಿ ಮುಚ್ಚಳದ ಮೇಲೆ ರಾಶಿ ಹಾಕಿದ್ದಾನೆ, ಕೂದಲಿನಂಥವನ್ನೂ ಬಿಟ್ಟಿಲ್ಲ, ಅನ್ನದ ಮೇಲೆ ಬೆಳ್ಳಗೆ, ಮೆತ್ತಗೆ, ಒಂದೂ ಮುಳ್ಳಿಲ್ಲದ ಮೀನು.