ಒಂದು ಹನಿ ಸೋಪು

ನನ್ನ ಗಂಡ ಪುಡಿ ತಯಾರಿಸುವವನು, ನಾನು ಆ ಪುಡಿಗಳ ಹಣೆಬರಹ ಹೇಳುವವಳು. ಅವನು ಕೆಳಮಹಡಿಯ ಪ್ರಯೋಗಾಲಯದಲ್ಲಿ ಹೊಸ ಹೊಸ ಅಣುಗಳನ್ನು ಕಟ್ಟುತ್ತಾನೆ. ಮೇಲ್ಮಹಡಿಯಲ್ಲಿ ನಾನು ಅವನ್ನು ಒಂದು ಕಿಣ್ವದ ಜೊತೆ ಬೆರೆಸಿ ನೋಡುತ್ತೇನೆ. ಅತಿಯಾದರೆ ಮನುಷ್ಯನ ಕೀಲುಗಳನ್ನೇ ತಿಂದುಹಾಕುವ ಕಿಣ್ವ ಅದು. ಅದು ಕೆಲಸ ಮಾಡುತ್ತಿದ್ದರೆ ದ್ರಾವಣ ಹಳದಿಯಾಗುತ್ತದೆ, ಪುಡಿ ಅದನ್ನು ತಡೆದರೆ ತಿಳಿಯಾಗಿಯೇ ಉಳಿಯುತ್ತದೆ. ಮದುವೆಯಾದಾಗಿನಿಂದ ನಾನು ಅವನಿಗೆ ಹೇಳಿದ್ದೆಲ್ಲ ಹಳದಿಯೇ. ಆದರೂ ಸಂಸಾರ ನಡೆದಿದೆ.

ಕೊನೆಗೂ ಒಂದು ಪುಡಿ ತಿಳಿಯಾಗಿ ಉಳಿಯಿತು. ಅವನು ಕುಣಿದಾಡಿಬಿಟ್ಟ. ನನಗೆ ಮಾತ್ರ ಅನುಮಾನ. ಕೆಲವು ಅಣುಗಳು ಶುದ್ಧ ಮೋಸಗಾರರು. ನೀರಿನಲ್ಲಿ ಉಂಡೆಗಟ್ಟಿ, ಕಿಣ್ವವನ್ನು ಅದರಲ್ಲಿ ಸಿಕ್ಕಿಸಿಕೊಂಡು, ತಾವೇ ಔಷಧವೆಂದು ಪೋಸು ಕೊಡುತ್ತವೆ. ಒಂದು ಹನಿ ಸೋಪಿನ ದ್ರಾವಣ ಬಿದ್ದರೆ ಉಂಡೆ ಒಡೆದು ಬಂಡವಾಳ ಬಯಲಾಗುತ್ತದೆ. ಇದೂ ಮೋಸವೆಂದಾದರೆ ಅವನ ವಿಭಾಗವನ್ನೇ ಮುಚ್ಚುತ್ತೇವೆಂದು ಮೇಲಿನವರು ಹೇಳಿಯಾಗಿತ್ತು.

ಪರೀಕ್ಷೆಯ ದಿನ ಅವನು ತಿಂಡಿ ಮುಟ್ಟಲಿಲ್ಲ. "ನನ್ನ ಮಗನಿಗೆ ಏನಂದೆ?" ಎಂದು ಅತ್ತೆ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಗಂಡನ ಪುಡಿಯನ್ನು ಹೆಂಡತಿಯೇ ಪಾಸು ಮಾಡಿದಳೆಂಬ ಮಾತು ಬರಬಾರದೆಂದು ನಾನೇ ಹಟ ಹಿಡಿದಿದ್ದೆ. ಹಾಗಾಗಿ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವನ ಪುಡಿಯನ್ನೂ, ಮೋಸಗಾರನೆಂದು ಎಲ್ಲರಿಗೂ ಗೊತ್ತಿರುವ ಇನ್ನೊಂದು ಪುಡಿಯನ್ನೂ ಎರಡು ನಳಿಕೆಗಳಿಗೆ ಹಾಕಿ, ಯಾವುದು ಯಾವುದೆಂದು ಹೇಳದೆ ಕೊಟ್ಟರು. ಎರಡಕ್ಕೂ ಕಿಣ್ವ ಹಾಕಿ, ಸೋಪು ಬಿಟ್ಟೆ.

ಎಡಗಡೆಯದು ನೋಡನೋಡುತ್ತಲೇ ಹಳದಿಗೆ ತಿರುಗಿತು. ಒಂದು ಹೇಗೂ ಹಳದಿಯಾಗಲೇಬೇಕಿತ್ತು. ಬಲಗಡೆಯದೂ ತಿರುಗಿದರೆ ಕಥೆ ಮುಗಿದಂತೆ. ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತ ನಿಂತೆ. ಅದು ಜಪ್ಪಯ್ಯ ಎಂದರೂ ಬಣ್ಣ ಬದಲಿಸಲಿಲ್ಲ. ಬಣ್ಣ ಅಳೆಯುವ ಯಂತ್ರಕ್ಕಿಟ್ಟು ನೋಡಿದರೂ ಅದೇ ಉತ್ತರ. ತಿಳಿಯಾಗಿ ಉಳಿದದ್ದು ಅವನದೇ ಎಂದು ಮೇಡಂ ನಗುತ್ತ ಹೇಳಿದಾಗ ಎದೆಯ ಮೇಲಿನ ಭಾರ ಇಳಿದು, ಕಣ್ಣಲ್ಲಿ ನೀರೇ ಬಂತು.

ಅವನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ನನ್ನ ಒದ್ದೆ ಕಣ್ಣು ಕಂಡದ್ದೇ ತಡ, ಎದ್ದು ಬಂದು ಭುಜ ಹಿಡಿದ.

"ಹೋಗ್ಲಿ ಬಿಡು, ನೀನು ಬೇಜಾರು ಮಾಡ್ಕೋಬೇಡ. ಬೇರೆ ಯಾರಾದ್ರೂ ಹೇಳಿದ್ರೆ ನಾನು ನಂಬ್ತಾನೇ ಇರ್ಲಿಲ್ಲ. ನೀನು ಹೇಳಿದ್ಮೇಲೆ ಮುಗೀತು."

ವಿಭಾಗ ಮುಚ್ಚಿಹೋಯಿತೆಂದುಕೊಂಡವನು ನನಗೆ ಸಮಾಧಾನ ಹೇಳುತ್ತಿದ್ದ. ಬೆಳಗಿನಿಂದ ಈ ಮಾತನ್ನೇ ಬಾಯಿಪಾಠ ಮಾಡಿಕೊಂಡಿದ್ದನೇನೋ. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಬಾಯಿ ಮುಚ್ಕೊಂಡು ಕೇಳು," ಎಂದೆ. "ಹಳದಿ ಆಗ್ಲಿಲ್ಲ. ನಿಂದು ನಿಜವಾದದ್ದೇ."

ಅವನು ಮತ್ತೆ ಮೆಟ್ಟಿಲ ಮೇಲೆ ಕೂತ. ಸೋಪು ಹಾಕಲು ಮರೆತಿಲ್ಲ ತಾನೇ ಎಂದು ಕೇಳಿದ. ಮರೆತಿಲ್ಲ ಎಂದೆ. ಮತ್ತೆ ಅದನ್ನೇ ಕೇಳಿದ, ಮತ್ತೆ ಅದನ್ನೇ ಹೇಳಿದೆ. ಇನ್ನೊಮ್ಮೆ ಕೇಳಲು ನನ್ನತ್ತ ತಿರುಗಿ ಬಾಯಿ ತೆರೆದ. ಪಕ್ಕದಲ್ಲಿ ಕೂತು, ಹಾಕಿದ್ದೇನೆ ಎಂದು ತಲೆಯಾಡಿಸಿದೆ.