ಸ್ಕೂಟರ್ ಮೇಲೆ ಬರೆದ ಕೊನೆಯ ಹಾಳೆ

ನಾನು ಒಂದು ಪರೀಕ್ಷೆ ಪ್ಯಾಡ್. ತಲೆಯ ಮೇಲೊಂದು ಕ್ಲಿಪ್ಪು, ಉಳಿದದ್ದೆಲ್ಲ ಕಂದು ರಟ್ಟು. ನೋಡಲು ಇಷ್ಟೇ. ಹಾಗಂತ ನನ್ನನ್ನು ಹಗುರವಾಗಿ ಕಾಣಬೇಡಿ. ಒಂದು ಕಥೆ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡವನು. ಕಂಡದ್ದೇನು, ಅದು ಹುಟ್ಟಿದ್ದೇ ನನ್ನ ಎದೆಯ ಮೇಲೆ!

ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಕತ್ತರಿಸಿ, ಅಂಚು ಉಜ್ಜಿ, ಎರಡು ರಿವೆಟ್ ಹೊಡೆದು ಕ್ಲಿಪ್ಪು ಕೂರಿಸಿದರು. ರಾಣೆಬೆನ್ನೂರಿನ ಪುಸ್ತಕದಂಗಡಿಯಲ್ಲಿ ಶೈಲಾ ಎಂಬ ಹುಡುಗಿ ನನ್ನನ್ನು ಕೊಂಡಳು. ಹತ್ತನೇ ತರಗತಿಯ ಗಣಿತ ಪರೀಕ್ಷೆಯ ದಿನ ಅವಳು ನನ್ನ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದು ಸೂತ್ರ ಬರೆದುಕೊಂಡಿದ್ದಳು. ಮೇಲ್ವಿಚಾರಕರು ಅದನ್ನು ಹಿಡಿದು ರಬ್ಬರಿನಿಂದ ಅಳಿಸಿ ಹಾಕಿದರು. ಪುಣ್ಯಕ್ಕೆ ಇಬ್ಬರೂ ಪಾಸಾದೆವು. ಪಿಯುಸಿ ಮುಗಿದ ಮೇಲೆ ಅವಳಿಗೆ ನಾನು ಬೇಡವಾದೆ. ಅವಳ ಅವ್ವ ನೀಲಕ್ಕ ನನ್ನನ್ನು ತನ್ನ ಟೇಲರಿಂಗ್ ಅಂಗಡಿಗೆ ಕರೆದೊಯ್ದಳು.

ಅಲ್ಲಿ ನನ್ನ ನಿಜವಾದ ಬಾಳು ಶುರುವಾಯಿತು. ಅಳತೆ ಪಟ್ಟಿ ಸುತ್ತಿಸಿಕೊಂಡು, ಎರಡೂ ಕೈ ಎತ್ತಿ ನಿಂತ ಹೆಂಗಸು ಬೇರೇನು ಮಾಡಿಯಾಳು? ಮಾತಾಡುತ್ತಾಳೆ! ನೀಲಕ್ಕ ಎದೆಸುತ್ತು, ತೋಳು ಎಂದು ಚೀಟಿಯಲ್ಲಿ ಬರೆಯುತ್ತಲೇ ಕಿವಿಯನ್ನು ಆ ಕಡೆ ಕೊಟ್ಟಿರುತ್ತಿದ್ದಳು. ಗಿರಾಕಿ ಹೊರಟದ್ದೇ ತಡ, ಚೀಟಿ ಎತ್ತಿ ಕೆಳಗಿನ ಹಾಳೆಯ ಮೇಲೆ ಸರಸರನೆ ಕಥೆ ಬರೆಯುತ್ತಿದ್ದಳು. ಯಾರಾದರೂ ಒಳಗೆ ಬಂದರೆ ಚೀಟಿ ಮತ್ತೆ ಮೇಲೆ. ಚೀಟಿಯ ಕೆಳಗೆ ಕಥೆ ಇದೆಯೆಂಬುದು ಊರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಎಂಥ ಹೆಮ್ಮೆ ನನಗೆ!

ಆದರೆ ಅವಳ ಮೂರು ಕಥೆಗಳು ಪತ್ರಿಕೆಯಿಂದ ವಾಪಸ್ ಬಂದಿದ್ದವು. ಮೂರರ ಜೊತೆಗೂ ಒಂದೇ ಮಾತು: "ಅಂತ್ಯ ಮೊದಲೇ ಗೊತ್ತಾಗುತ್ತದೆ." ಗೊತ್ತಾಗದೆ ಇರುತ್ತದೆಯೇ? ನೀಲಕ್ಕನ ನಾಯಕಿಯರೆಲ್ಲ ಕೊನೆಗೆ ಅಳುತ್ತಲೇ ಇದ್ದರು. ನಾಲ್ಕನೆಯದು ಯುಗಾದಿ ವಿಶೇಷಾಂಕದ ಸ್ಪರ್ಧೆಗೆ. ಇದೂ ವಾಪಸ್ ಬಂದರೆ ಬರೆಯುವುದನ್ನೇ ಬಿಡುತ್ತೇನೆ ಎಂದು ಅವಳು ಗಟ್ಟಿಯಾಗಿಯೇ ಅಂದುಕೊಂಡದ್ದನ್ನು ನಾನು ಕೇಳಿಸಿಕೊಂಡೆ. ನನ್ನ ಕ್ಲಿಪ್ಪು ತಣ್ಣಗಾಯಿತು.

ಆ ಕಥೆಯ ಬೀಜ ಕೊಟ್ಟವಳು ಖಾನಾವಳಿ ನಡೆಸುವ ಗುರುಬಸವ್ವ. ಐವತ್ತೆರಡನೇ ವಯಸ್ಸಿನಲ್ಲಿ ಹಸಿರು ಸ್ಕೂಟರ್ ಕೊಂಡು, ಎಪಿಎಂಸಿ ಬಯಲಿನಲ್ಲಿ ಕಲಿಯುತ್ತಿರುವುದನ್ನು ಅವಳು ಕೈ ಎತ್ತಿ ನಿಂತೇ ಹೇಳಿದ್ದಳು. ನೀಲಕ್ಕ ಏಳು ಹಾಳೆ ಬರೆದಳು, ಒಂದಕ್ಕಿಂತ ಒಂದು ಚೆಂದ. ಎಂಟನೆಯದರಲ್ಲಿ ಮಾತ್ರ ಹಳೆ ಚಾಳಿ: ನಾಯಕಿ ಬಿದ್ದಳು, ಜನ ನಕ್ಕರು, ಅವಳು ಸ್ಕೂಟರಿನ ಚಾವಿಯನ್ನು ಕೊಂಡ ಅಂಗಡಿಗೇ ಮರಳಿಸಿ, ಬಾಗಿಲು ಹಾಕಿಕೊಂಡು ಅತ್ತಳು.

ಅಂಚೆಗೆ ಹಾಕುವ ಕೊನೆಯ ದಿನ ಮಧ್ಯಾಹ್ನ ನೀಲಕ್ಕ ಹಾಳೆ ಎಣಿಸಿದಳು. ಏಳೇ ಇವೆ! ಹೊಲಿದ ಬ್ಲೌಸಿನ ಮಡಿಕೆಯಲ್ಲಿ ಅಳತೆಯ ಚೀಟಿ ಇಟ್ಟು ಕೊಡುವುದು ಅವಳ ಪದ್ಧತಿ. ಬೆಳಗ್ಗೆ ಅವಸರದಲ್ಲಿ ಚೀಟಿ ಎಳೆದಾಗ ಕೆಳಗಿನ ಹಾಳೆಯೂ ಜೊತೆಗೇ ಬಂದು ಬ್ಲೌಸಿನೊಳಗೆ ಸೇರಿತ್ತು. ಹೋದದ್ದಾದರೂ ಯಾರ ಮನೆಗೆ?

ಹೊರಗೆ ಸ್ಕೂಟರ್ ನಿಂತಿತು. ಗುರುಬಸವ್ವ ಒಳನುಗ್ಗಿ ಹಾಳೆಯನ್ನು ಮೇಜಿಗೆ ಬಡಿದಳು.

"ನೀಲಕ್ಕಾ, ನಾ ಯಾವಾಗ ಚಾವಿ ತಿರುಗಿ ಕೊಟ್ಟೆ?"

"ಅದು ನೀವಲ್ರೀ. ಕಥಿಯೊಳಗಿನ ಹೆಂಗಸು..."

"ಹಸಿರು ಸ್ಕೂಟರ್ ನಂದು. ಖಾನಾವಳಿ ನಂದು. ರೊಟ್ಟಿ ಬಡಿಯೋ ಕೈ ನಂದು. ಅಳೂದು ಮಾತ್ರ ಆಕೀದೇನು?"

ನೀಲಕ್ಕನ ಮುಖ ಸಣ್ಣದಾಯಿತು. "ಕಥಿ ಅಂದ್ರ ಕೊನೀಗೆ ಕಣ್ಣಾಗ ನೀರು ಬರಬೇಕಲ್ರೀ."

"ಯಾರು ಹೇಳಿದ್ರು ನಿಮಗ? ಮೂರು ಸಲ ಬಿದ್ದೆ, ಖರೆ. ನಾಕನೇ ಸಲ ಏನಾತು ಅಂತ ನನ್ನ ಕೇಳಿದ್ರೇನು?"

ಕೇಳಿರಲಿಲ್ಲ. ಅಳತೆ ಮುಗಿದ ಕೂಡಲೇ ಪಟ್ಟಿ ಸುತ್ತಿಟ್ಟಿದ್ದಳು. ನೀಲಕ್ಕ ಮೇಜಿನ ಮೇಲಿನ ಹಾಳೆ ಎತ್ತಿಕೊಂಡಳು. ಆಮೇಲೆ ಪರ್ರನೆ ಹರಿದಳು! ನನಗೆ ಕುಣಿಯಬೇಕೆನಿಸಿತು.

"ಬರಿಯಾಕ ಹೊತ್ತಿಲ್ರೀ. ಅಂಚಿ ಕಚೇರಿ ಬಂದ್ ಆಗಾಕ ಇಪ್ಪತ್ತು ನಿಮಿಷ ಐತಿ."

"ಹಿಂದ ಕೂಡ್ರಿ. ನನ್ನ ಬೆನ್ನು ಐತಲ್ಲ, ಅದರ ಮ್ಯಾಲೆ ಬರೀರಿ."

ಹೊರಟೆವು! ಗುರುಬಸವ್ವನ ಅಗಲ ಬೆನ್ನಿಗೆ ನಾನು ಆನಿಕೊಂಡೆ, ನನ್ನ ಮೇಲೆ ಖಾಲಿ ಹಾಳೆ, ಹಾಳೆಯ ಮೇಲೆ ನೀಲಕ್ಕನ ಪೆನ್ನು. ಗಾಳಿಗೆ ಹಾಳೆ ಪಟಪಟ ಅನ್ನುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ಗುರುಬಸವ್ವ ಮುಂದೆ ನೋಡುತ್ತಲೇ ಕೂಗಿ ಹೇಳುತ್ತಿದ್ದಳು: ನಾಲ್ಕನೇ ಸಲ ಹತ್ತಿದ್ದು, ನಕ್ಕವರ ಕಡೆಗೇ ಗಾಡಿ ತಿರುಗಿಸಿದ್ದು, ಹಾರ್ನ್ ಹೊಡೆದದ್ದು, ಅವರು ದಿಕ್ಕಾಪಾಲಾದದ್ದು. ನೀಲಕ್ಕ ಬಿದ್ದು ಬಿದ್ದು ನಗುತ್ತಾ ಬರೆದಳು. ಇಷ್ಟು ವರ್ಷದಲ್ಲಿ ಅವಳು ನಗುತ್ತಾ ಬರೆದದ್ದನ್ನು ನಾನು ಕಂಡಿರಲಿಲ್ಲ. ಕೊನೆಯ ಅಕ್ಷರಕ್ಕೆ ಸರಿಯಾಗಿ ಸ್ಕೂಟರ್ ಗುಂಡಿಗೆ ಬಿತ್ತು. ಪೆನ್ನು ಹಾಳೆ ದಾಟಿ ನನ್ನ ಮೈಮೇಲೆ ಉದ್ದಕ್ಕೆ ಗೀರು ಎಳೆಯಿತು. ಸೊಟ್ಟ ಅಕ್ಷರಗಳಲ್ಲೇ ಕಥೆ ಲಕೋಟೆ ಸೇರಿತು. ಕೌಂಟರ್ ಮುಚ್ಚಲು ನಾಲ್ಕು ನಿಮಿಷವಿತ್ತು.

ಬಹುಮಾನ ಬರಲಿಲ್ಲ. ಆದರೆ ಕಥೆ ವಾಪಸ್ಸೂ ಬರಲಿಲ್ಲ. ವಿಶೇಷಾಂಕದಲ್ಲಿ ಅಚ್ಚಾಯಿತು, ನೀಲಾಂಬಿಕಾ ಎಂಬ ಪೂರ್ತಿ ಹೆಸರಿನೊಂದಿಗೆ! ಗುರುಬಸವ್ವ ಅದಕ್ಕೆ ಕಟ್ಟು ಹಾಕಿಸಿ ಖಾನಾವಳಿಯಲ್ಲಿ ತೂಗುಹಾಕಿದಳು. ಓದದವರಿಗೆ ಎರಡನೇ ರೊಟ್ಟಿ ತಡವಾಗುತ್ತದಂತೆ.

ಈಗ ನನ್ನ ಮೂಲೆಗಳು ಇಸ್ತ್ರಿಯ ಹಬೆಗೆ ಉಬ್ಬಿವೆ, ಕ್ಲಿಪ್ಪಿಗೆ ತುಕ್ಕು ಹಿಡಿದಿದೆ. ನೀಲಕ್ಕ ಪ್ಲಾಸ್ಟಿಕ್ ಪ್ಯಾಡ್ ತಂದಿದ್ದಾಳೆ. ನಾನು ಗೋಡೆಯ ಮೊಳೆಗೆ ನೇತುಬಿದ್ದಿದ್ದೇನೆ. ಬೇಸರವಿಲ್ಲ. ಅಚ್ಚಾದ ಕಥೆಯಲ್ಲಿ ಇಲ್ಲದ ಆ ಗೀರು ನನ್ನ ಮೇಲಿದೆ. ಕಥೆ ಎಲ್ಲಾದರೂ ಸಿಕ್ಕಿಕೊಂಡರೆ ನೀಲಕ್ಕ ಎದ್ದು ಬಂದು ಅದರ ಮೇಲೆ ಬೆರಳಾಡಿಸುತ್ತಾಳೆ. ಇವತ್ತೂ ಬಂದಳು. ಕೈ ಎತ್ತಿ ನಿಂತಿದ್ದ ಗಿರಾಕಿಯ ಅಳತೆ ಮುಗಿದಿತ್ತು. ನೀಲಕ್ಕ ಪಟ್ಟಿ ಸುತ್ತಿಡಲಿಲ್ಲ.

"ಕೈ ಇಳಸ್ರಿ, ಕುಂದ್ರಿ," ಅಂದಳು. "ಆಮ್ಯಾಲೆ ಏನಾತು?"